ಪುಟ್ಟಿ, ಆ ಸಂಪಿನ ವಿಷಯ ನಿಂಗೆ ಹೇಳಿರ್ಲಿಲ್ಲ

ಪುಟ್ಟಿ,

ಭಾನುವಾರ ರಾತ್ರಿಯಿಂದ ಮೂರು ಸಲ ಫೋನ್ ಕೈಗೆ ತಗೊಂಡು ಹಾಗೇ ಇಟ್ಬಿಟ್ಟೆ. ಮಾತಾಡಕ್ಕೆ ಹೋದ್ರೆ ಮತ್ತೆ ನನ್ನ ದನಿ ಏರುತ್ತೆ, ಅದಕ್ಕೇ ಬರೀತಾ ಇದೀನಿ. ನಾನೇನಂದೆ ನೀನೇನಂದೆ ಅನ್ನೋದು ಇಬ್ಬರಿಗೂ ನೆನಪಿದೆ, ಅದು ಬೇಡ. ಆದ್ರೆ ಮೊಮ್ಮಗ ಚಿನ್ನೂನ ರೂಮಲ್ಲಿ ಒಬ್ಬನೇ ಆಡಕ್ಕೆ ಬಿಟ್ಟಿದೀಯ ಅಂತ ಅಳಿಯಂದ್ರ ಮುಂದೆ ನಿನ್ನ ಮೇಲೆ ಹಾಗೆ ಕೂಗಾಡಿದ್ದು ತಪ್ಪು, ತಟ್ಟೆಗೆ ಬಡಿಸಿದ್ಮೇಲೆ ಎದ್ದು ಬಂದಿದ್ದು ಇನ್ನೂ ದೊಡ್ಡ ತಪ್ಪು. ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ ಬರೋವರೆಗೂ ಎಲ್ಲಾ ನಿಂದೇ ತಪ್ಪು ಅನ್ಕೊಂಡೇ ಬಂದೆ. ಅಲ್ಲಿ ಇಳಿದವನು ಗ್ರೀನ್ ಲೈನ್ ಕಡೆ ಹೋಗ್ದೆ ಬೆಂಚ್ ಮೇಲೆ ಕೂತ್ಬಿಟ್ಟೆ, ನಾಲ್ಕೈದು ಟ್ರೇನು ಹೋದ್ವು.

ನಿಂಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನಿಮ್ಮಮ್ಮಂಗೂ ಅರ್ಧ ಅಷ್ಟೇ ಗೊತ್ತು.

1993ರ ಬೇಸಿಗೆ. ಮತ್ತಿಕೆರೆ ಬಾಡಿಗೆ ಮನೆ, ನಿಂಗೆ ಎರಡು ತುಂಬಕ್ಕೆ ಒಂದು ತಿಂಗಳು ಬಾಕಿ. ಅವತ್ತು ನೀರು ಬಿಡೋ ದಿನ. ಫ್ಯಾಕ್ಟರಿಯಿಂದ ಸೆಕೆಂಡ್ ಶಿಫ್ಟ್ ಮುಗಿಸಿ ತಡವಾಗಿ ಮಲಗಿದ್ದೆ, ಆದ್ರೂ ಬೆಳಿಗ್ಗೆ ಆರಕ್ಕೆ ಎದ್ದು ಎಷ್ಟು ನೀರು ಬಂದಿದೆ ನೋಡೋಣ ಅಂತ ಸಂಪಿನ ಮುಚ್ಚಳ ತೆಗೆದೆ, ತಗಡಿನ ಮುಚ್ಚಳ, ಅದನ್ನ ಗೋಡೆಗೆ ಒರಗಿಸಿದೆ. ಮೋಟರ್ ಏರ್ ಹಿಡ್ಕೊಂಡಿತ್ತು, ಓನರ್ ಮಹಡಿ ಮೇಲಿಂದ ಕರೆದ್ರು, ಹೋದೆ. ಮುಚ್ಚಳ ಹಾಕ್ಲಿಲ್ಲ. ನಿಮ್ಮಮ್ಮ ಮುಂಬಾಗಿಲಲ್ಲಿ ರಂಗೋಲಿ ಹಾಕ್ತಿದ್ಲು, ನೀನು ಮಲಗೇ ಇದೀಯ ಅಂತ ಇಬ್ಬರೂ ಅನ್ಕೊಂಡಿದ್ವಿ. ಹತ್ತು ನಿಮಿಷ ಆಗಿರ್ಬಹುದು. ಕೆಳಗೆ ಬಂದ್ರೆ ನೀನು ಸಂಪಿನ ಅಂಚಲ್ಲಿ ಕೂತಿದೀಯ. ಎರಡು ಕಾಲೂ ಒಳಗೆ. ಫ್ರಾಕಿನ ಮಡಿಲ ತುಂಬ ಬಟ್ಟೆ ಕ್ಲಿಪ್ಪು. ಒಂದು ತಗೊಂಡು ನೀರಿಗೆ ಬಿಡೋದು, ಡುಬುಕ್ ಅಂದ್ಮೇಲೆ ತಲೆ ಓರೆ ಮಾಡಿ ಕೇಳೋದು, ಇನ್ನೊಂದು ಬಿಡೋದು. ಎಷ್ಟು ನೆಮ್ಮದಿಯಾಗಿ ಆಡ್ತಿದ್ದೆ ಅಂದ್ರೆ, ಅಷ್ಟು ನೆಮ್ಮದಿಯಾಗಿ ಕೂತ ಮಗೂನ ನಾನು ಅದಕ್ಕೆ ಮುಂಚೆ ನೋಡಿರ್ಲಿಲ್ಲ.

ಕೂಗಿದ್ರೆ ಬೆಚ್ಚಿ ಮುಂದಕ್ಕೆ ಬೀಳ್ತೀಯ. ಚಪ್ಪಲಿ ಬಿಟ್ಟೆ. ಹಿಂದಿನಿಂದ ಎಂಟ್ಹತ್ತು ಹೆಜ್ಜೆ, ಉಸಿರು ಬಿಡದೆ ಬಂದೆ, ಅಷ್ಟರಲ್ಲಿ ನೀನು ಇನ್ನೂ ಎರಡು ಕ್ಲಿಪ್ಪು ಬಿಟ್ಟೆ. ಕಂಕುಳಿಗೆ ಕೈ ಹಾಕಿ ಎತ್ಕೊಂಡೆ. ಎತ್ಕೊಂಡವನು ಮೊದಲು ಮಾಡಿದ ಕೆಲಸ ಅಂದ್ರೆ ನಿನ್ನ ಬೆನ್ನಿಗೆ ಹೊಡೆದಿದ್ದು. ನೀನು ಏಟಿಗೆ ಅಳ್ಲಿಲ್ಲ, ಕೆಳಗೆ ಬಿದ್ದ ಕ್ಲಿಪ್ಪಿಗೆ ಕೈ ಚಾಚಿ ಚಾಚಿ ಅತ್ತೆ. ನಿಮ್ಮಮ್ಮಂಗೆ ‘ಸಂಪಿನ ಹತ್ರ ಹೋಗಿದ್ಲು ನೋಡು’ ಅಂದೆ ಅಷ್ಟೇ. ಮುಚ್ಚಳ ಓನರ್ ತೆಗೆದಿರ್ಬೇಕು ಅಂತ ಅವಳು ಅನ್ಕೊಂಡ್ಳು. ನಾನು ಸುಮ್ನಿದ್ದೆ. ಇವತ್ತಿನವರೆಗೂ ಸುಮ್ನಿದೀನಿ.

2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಮಗು ಬೋರ್‌ವೆಲ್‌ಗೆ ಬಿದ್ದಿತ್ತಲ್ಲ, ಸುಮಾರು 20 ಗಂಟೆ ಆದ್ಮೇಲೆ ಜೀವಂತ ತೆಗೆದ್ರಲ್ಲ, ಆ ರಾತ್ರಿ ಪೂರ್ತಿ ಟಿವಿ ಮುಂದೆ ಕೂತಿದ್ದೆ. ನಿಂಗೆ ಎರಡು ಸಲ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಿದ್ದು ಅದಕ್ಕೇ.

ಈಗ ಭಾನುವಾರದ ವಿಷಯ. ನಾನು ಬಂದಾಗ ರೂಮಿನ ಬಾಗಿಲಿಗೆ, ಮಗು ಹೊರಗೆ ಬರದ ಹಾಗೆ ಹಾಕೋ ಆ ಗೇಟ್ ಹಾಕಿತ್ತು. ಒಳಗೆ ಚಿನ್ನು ಒಬ್ಬನೇ, ಬೆನ್ನು ನನ್ನ ಕಡೆ. ನಾನು ತಂದ್ಕೊಟ್ಟ ಚನ್ನಪಟ್ಟಣದ ಮರದ ರಿಂಗುಗಳನ್ನ ಸ್ಟೀಲ್ ಡಬ್ಬಿಗೆ ಒಂದೊಂದೇ ಬಿಡ್ತಿದ್ದ. ಟಣ್ ಅಂದ್ಮೇಲೆ ತಲೆ ಓರೆ ಮಾಡಿ ಕೇಳ್ತಿದ್ದ. ನಿನ್ನ ಹಾಗೇ. ಥೇಟ್ ನಿನ್ನ ಹಾಗೇ ಪುಟ್ಟಿ. ಆಮೇಲೆ ನನ್ನ ಬಾಯಿಂದ ಬಂದಿದ್ದು ನಿನ್ನ ನೋಡಿ ಬಂದಿದ್ದಲ್ಲ.

ಸಂಪಿನ ಆ ದಿನದಿಂದ ನಿನ್ನ ಒಬ್ಬಳನ್ನೇ ಆಡಕ್ಕೆ ಬಿಡ್ಲಿಲ್ಲ. ಮಣ್ಣಲ್ಲಿ ಕೂತ್ರೆ ಪಕ್ಕದಲ್ಲಿ ನಾನೂ ಕೂತೆ, ಬ್ಲಾಕ್ಸ್ ಜೋಡಿಸಿದ್ರೆ ಹಂಗಲ್ಲ ಹಿಂಗೆ ಅಂತ ಕೈ ಹಾಕ್ದೆ, ಎರಡನೇ ಕ್ಲಾಸಿಗೆ ಬಂದ್ರೂ ಕಾಂಪೌಂಡ್ ಗೇಟ್ ದಾಟಕ್ಕೆ ಬಿಡ್ಲಿಲ್ಲ. ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದ್ಸಲ ಹೇಳಿದ್ದೆ, ಯಾರೂ ಪಕ್ಕದಲ್ಲಿಲ್ಲ ಅಂದ್ರೆ ಏನು ಮಾಡ್ಬೇಕು ಅಂತಾನೇ ತೋಚಲ್ಲ ಅಪ್ಪ ಅಂತ. ಅದನ್ನ ಕೇಳಿದಾಗ ನಂಗೆ ಅರ್ಥ ಆಗಿತ್ತು. ಆಗ್ಲೂ ಬಾಯಿ ಬಿಡ್ಲಿಲ್ಲ.

ನೀನು ಯಾವಾಗ್ಲೋ ಕಳ್ಸಿದ್ದನ್ನೆಲ್ಲ ಈಗ ಕೂತು ಓದಿದೆ. ಬುಡಾಪೆಸ್ಟ್‌ನಲ್ಲಿ ಎಮ್ಮಿ ಪಿಕ್ಲರ್ ಅನ್ನೋ ಮಕ್ಕಳ ಡಾಕ್ಟರು 1946ರಲ್ಲಿ ಶುರು ಮಾಡಿದ ಶಿಶುಗೃಹ, ಅಲ್ಲಿ ಮಗೂನ ದಿಂಬು ಒತ್ತಿಟ್ಟು ಕೂರಿಸ್ತಿರ್ಲಿಲ್ವಂತೆ, ಕೈ ಹಿಡಿದು ನಡೆಸ್ತಿರ್ಲಿಲ್ವಂತೆ, ನೆಲದ ಮೇಲೆ ಜಾಗ ಮಾಡಿಕೊಟ್ಟು ತಾನಾಗೇ ಮಗುಚಿ, ಅಂಬೆಗಾಲಿಟ್ಟು, ಎದ್ದು ನಿಲ್ಲೋವರೆಗೂ ಕಾಯ್ತಿದ್ರಂತೆ. ನಿನ್ನ ಆ ‘ಯೆಸ್ ಸ್ಪೇಸ್’ ಮಾತೂ ಆಗ ಅರ್ಥ ಆಯ್ತು, ಆ ಜಾಗದಲ್ಲಿ ಮಗು ಏನು ಮುಟ್ಟಿದ್ರೂ ಬೇಡ ಅನ್ನೋ ಹಾಗಿರಲ್ಲ, ಅದಕ್ಕೆ ದೊಡ್ಡವರು ಸುಮ್ನಿರಬಹುದು. ನಾನು ಚಿಕ್ಕಪೇಟೆಯಿಂದ ತಂದ ಚಕ್ರದ ವಾಕರ್‌ನ ನೀನು ಲಾಫ್ಟಿಗೆ ಹಾಕಿದಾಗ ಎಷ್ಟು ಬೇಜಾರಾಗಿತ್ತು ಗೊತ್ತಾ, ಈಗ ನೋಡಿದ್ರೆ ಕೆನಡಾದಲ್ಲಿ 2004ರಲ್ಲೇ ಅದರ ಮಾರಾಟ ನಿಲ್ಸಿದಾರೆ. ನೀನು ಸರಿಯಾಗೇ ಮಾಡಿದ್ದೆ.

ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಅಷ್ಟು ವರ್ಷ ಇನ್‌ಸ್ಪೆಕ್ಷನ್‌ನಲ್ಲಿ ಇದ್ದವನ ಕಣ್ಣು, ಕೋಪದಲ್ಲೂ ಕೆಲಸ ಮಾಡುತ್ತೆ. ಬೀರುವನ್ನ ಎರಡು ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸಿದೀಯ. ಕರ್ಟನ್ ದಾರ ಮೇಲೆ ಕಟ್ಟಿದೀಯ. ಪ್ಲಗ್ ಪಾಯಿಂಟಿಗೆಲ್ಲ ಮುಚ್ಚಳ. ಕಿಟಕಿ ಹತ್ರ ಮಗು ಮೇಲೆ ಹತ್ತೋ ಅಂಥ ಒಂದು ಸಾಮಾನೂ ಇಲ್ಲ. ನೀನು ಅಡುಗೆಮನೇಲಿ ಇದ್ರೂ ಅವನ ಸದ್ದು ಕೇಳುತ್ತೆ. ನಾನು ನಿನ್ನ ಬೆಳೆಸಿದ ಮನೇಲಿ ಇದರಲ್ಲಿ ಒಂದೂ ಇರ್ಲಿಲ್ಲ. ಹೆಮ್ಮೆ ಆಯ್ತು ಕಣೇ, ಹೇಳಕ್ಕೆ ಆಗ್ದೆ ಕೂಗಾಡಿ ಬಂದೆ.

ಆದ್ರೂ ಕೆಲವು ಹೇಳ್ಲೇಬೇಕು, ಬೇಜಾರ್ ಮಾಡ್ಕೋಬೇಡ. ರೂಮು ಸರಿ ಇದೆ, ಗೇಟ್ ತೆಗೆದ ತಕ್ಷಣ ಇಡೀ ಮನೆ ಅವನದು. ಚಪ್ಪಲಿ ಸ್ಟ್ಯಾಂಡ್ ಮೇಲೆ ಕಾರ್ ಕೀ ಇಡ್ತೀರಲ್ಲ, ಅದರೊಳಗೆ ಬಟನ್ ಸೆಲ್ ಇರುತ್ತೆ, 20 ಮಿಲಿಮೀಟರ್, 3 ವೋಲ್ಟು. ಜೀವಮಾನ ಎಲ್ಲ ವಾಚಿನ ಸೆಲ್ ಮುಟ್ಟಿದವನು ಹೇಳ್ತಿದೀನಿ ಕೇಳು. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕೊಂಡ್ರೆ ಎರಡು ಗಂಟೆಯೊಳಗೇ ಒಳಗಡೆ ಸುಟ್ಟುಬಿಡಬಹುದು. ಸೆಲ್ ಸೋರ್ಲೇಬೇಕು ಅಂತಿಲ್ಲ, ಒದ್ದೆ ಜಾಗದಲ್ಲಿ ಕರೆಂಟ್ ಹರಿದು ಕ್ಷಾರ ಹುಟ್ಟುತ್ತೆ, ಅದು ಸುಡುತ್ತೆ. ನುಂಗಿರ್ಬಹುದು ಅಂತ ಅನುಮಾನ ಬಂದ್ರೂ ಸಾಕು, ನಾಳೆ ನೋಡೋಣ ಅನ್ಬೇಡ, ವಾಂತಿ ಮಾಡಿಸ್ಬೇಡ, ಎಕ್ಸ್‌ರೇ ಇರೋ ಆಸ್ಪತ್ರೆಗೆ ನೇರ ಹೋಗು, 108ಕ್ಕೆ ಫೋನ್ ಮಾಡು. ಇನ್ನೊಂದು, ಬಾತ್‌ರೂಮಲ್ಲಿ ಬಕೆಟ್ ತುಂಬಿಸಿ ಇಡ್ಬೇಡ. ಈ ವಯಸ್ಸಲ್ಲಿ ತಲೆ ಭಾರ, ತಲೆಕೆಳಗಾಗಿ ಬಿದ್ರೆ ತಾನಾಗಿ ಎದ್ದೇಳಕ್ಕೆ ಆಗಲ್ಲ, ಎರಡು ಇಂಚು ನೀರು ಸಾಕು. ನಲ್ಲಿಯಲ್ಲಿ ನೀರು ಬರುತ್ತೋ ಇಲ್ವೋ ಅಂತ ಹಿಡಿದಿಡೋ ಅಭ್ಯಾಸ ನಮ್ಮ ಬೆಂಗಳೂರಿನವರಿಗೆ ಹೋಗಲ್ಲ, ಹಿಡಿದಿಟ್ರೆ ಬಾಗಿಲ ಮೇಲ್ಗಡೆ ಚಿಲಕ ಹಾಕು. ಗೀಸರ್ 60 ಡಿಗ್ರೀಲಿ ಇದ್ರೆ ಐದು ಸೆಕೆಂಡಿಗೇ ಚರ್ಮ ಬೇಯುತ್ತೆ, 48ಕ್ಕೆ ಇಳ್ಸು. ಬಾಲ್ಕನಿಯಲ್ಲಿ ಬೆತ್ತದ ಸ್ಟೂಲ್ ಇದೆಯಲ್ಲ ಅದನ್ನ ಒಳಗೆ ತಗೊಂಡ್ಬಿಡು, ಇವತ್ತೇ. ಸಿಗ್ನಲ್ಲಲ್ಲಿ ಮಾರೋ ಪ್ಲಾಸ್ಟಿಕ್ ಆಟಿಕೆ ಬೇಡ, 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಮಾರ್ಕ್ ಕಡ್ಡಾಯ, ನೋಡಿ ತಗೋ. ಮೂರು ವರ್ಷದೊಳಗಿನ ಮಗೂಗೆ ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯೋ ಯಾವ ಚೂರೂ ಕೊಡಬಾರ್ದು. ರಿಂಗುಗಳನ್ನ ನಾನು ಕೊಡೋಕೆ ಮುಂಚೆನೇ ವರ್ನಿಯರ್ ಇಟ್ಟು ಅಳೆದಿದ್ದೆ, ಚಿಕ್ಕದೇ 44 ಇದೆ.

ನೋಡು, ಮತ್ತೆ ಪಾಠ ಮಾಡ್ಬಿಟ್ಟೆ. ಬರೆದಿದ್ದು ಅಳಿಸಲ್ಲ, ಅಷ್ಟೂ ಬೇಕಾದ್ದೇ.

ಗೌರಿ ಹಬ್ಬಕ್ಕೆ ಬಾ. ಮೊನ್ನೆ ದಾಸರಹಳ್ಳಿ ವೆಲ್ಡಿಂಗ್ ಅಂಗಡಿಯವನನ್ನ ಕರೆಸಿ ನಮ್ಮನೆ ಸಂಪಿಗೆ ಕೆಳಗೊಂದು ಕಬ್ಬಿಣದ ಜಾಲರಿ, ಅದರ ಮೇಲೆ ಮುಚ್ಚಳ, ಅದಕ್ಕೆ ಬೀಗ, ಎಲ್ಲಾ ಮಾಡಿಸಿದೆ. ನಾನೇ ಜಾಲರಿ ಮೇಲೆ ನಿಂತು ನೋಡಿದೆ, ಅಲ್ಲಾಡಲ್ಲ. ಹಾಲ್‌ನಲ್ಲಿ ಟೀಪಾಯಿ ತೆಗೆದು ಚಾಪೆ ಹಾಸಿದೀನಿ. ನಿಮ್ಮಮ್ಮನ ಹೊಲಿಗೆ ಮಿಷನ್ನು, ಸೂಜಿ ಕತ್ತರಿ ಎಲ್ಲ ಮೇಲಿನ ರೂಮಿಗೆ ಹೋಯ್ತು. ಚಿನ್ನು ಆಡುವಾಗ ನಾನು ಬಾಗಿಲ ಹತ್ರ ಪೇಪರ್ ಹಿಡ್ಕೊಂಡು ಕೂತಿರ್ತೀನಿ, ಹಂಗಲ್ಲ ಹಿಂಗೆ ಅನ್ನಲ್ಲ. ಅಂದ್ರೆ ನೀನು ಹೇಳು, ಎದ್ದು ಹೋಗ್ತೀನಿ.

ಆ ಗೇಟ್ ಎಲ್ಲಿ ತಗೊಂಡೆ ಅಂತ ಲಿಂಕ್ ಕಳ್ಸು, ನಮ್ಮ ಅಡುಗೆಮನೆ ಬಾಗಿಲು 32 ಇಂಚು ಇದೆ. ನಿಮ್ಮಮ್ಮಂಗೆ ಸಂಪಿನ ವಿಷಯ ನೀನು ಹೇಳ್ಬೇಡ, ನಾನೇ ಹೇಳ್ತೀನಿ. ಇವತ್ತು ರಾತ್ರಿ ಊಟ ಆದ್ಮೇಲೆ.

ಅಪ್ಪ