ಆ ಎಂಟು ವರ್ಷದ ಲೆಕ್ಕ

ಹಾಸನ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನ ಮಳೆ, ಹೊಸ ಬಾಡಿಗೆ ಮನೆ, ಎಲ್ಲ ಓದಿದೆ. ಅದನ್ನೆಲ್ಲ ಫೋನಿನಲ್ಲಿ ಮಾತಾಡೋಣ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ಮಾವ, ನಾಳೆ ಊರಿಗೆ ವಾಪಸ್ ಬಂದರೆ ಇಲ್ಲಿ ಇಂಗ್ಲಿಷ್ ಪಾಠ ಮಾಡಿದ ಈ ಎಂಟು ವರ್ಷ ಯಾರ ಲೆಕ್ಕಕ್ಕೂ ಬರಲ್ಲ ಅಲ್ವಾ?’ ಅಂತ. ಅದನ್ನು ಓದಿದಾಗಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ.

1986ರಲ್ಲಿ ನೈಜೀರಿಯಾ ಬಿಟ್ಟು ಬಂದಾಗ ನನ್ನೊಳಗೂ ಇದೇ ಪ್ರಶ್ನೆ ಇತ್ತು. ಬಾಯಿಬಿಟ್ಟು ಯಾರನ್ನೂ ಕೇಳಲಿಲ್ಲ. ಏಳು ವರ್ಷ ಅಲ್ಲಿನ ಕಾನೋ ಊರಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೆ. ಆ ವರ್ಷ ಅಲ್ಲಿನ ಹಣ ನೈರಾದ ಬೆಲೆ ಕುಸಿದುಬಿತ್ತು. ನಮ್ಮ ಕಡೆಯ ಎಷ್ಟೋ ಮೇಷ್ಟ್ರುಗಳು ಗಂಟುಮೂಟೆ ಕಟ್ಟಿದರು. ನನಗಾಗ 36. ಸರ್ಕಾರಿ ಕೆಲಸಕ್ಕೆ ವಯಸ್ಸು ಮೀರಿತ್ತು. ಇಲ್ಲೊಂದು ಖಾಸಗಿ ಕಾಲೇಜಿನಲ್ಲಿ ಕರೆದರು. ಆದರೆ ಹೊರದೇಶದ ಸರ್ವೀಸು ಹಿಡಿಯುವುದಿಲ್ಲ ಅಂದರು. ಆಗತಾನೇ ಎಂ.ಎ. ಮುಗಿಸಿದ ಹುಡುಗರ ಜೊತೆ, ಅದೇ ಸಂಬಳಕ್ಕೆ ಸೇರಿದೆ. ಅವತ್ತು ಬಸ್ಸು ಹತ್ತದೆ ನಡೆದುಕೊಂಡೇ ಮನೆಗೆ ಬಂದೆ. ನಿಮ್ಮತ್ತೆಗೆ ವಿಷಯ ಹೇಳಿದ್ದು ಎಷ್ಟೋ ದಿನ ಆದ ಮೇಲೆ.

ನನ್ನ ಕೈಯಲ್ಲಿ ಕಾಗದವೂ ಇರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಸ್ಕೂಲಿನಿಂದ ಅನುಭವದ ಪತ್ರ ಬರೆಸಿಕೊಳ್ಳಲಿಲ್ಲ. ಆಮೇಲೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ನೀನು ಮೂರು ಸ್ಕೂಲು ಬದಲಾಯಿಸಿದ್ದೀಯ. ಮೂರರಿಂದಲೂ ಪತ್ರ ತೆಗೆದುಕೊಂಡಿದ್ದೀಯಾ? ಯಾವ ತರಗತಿ, ವಾರಕ್ಕೆ ಎಷ್ಟು ಪೀರಿಯಡ್, ಯಾವತ್ತಿನಿಂದ ಯಾವತ್ತಿನವರೆಗೆ, ಎಲ್ಲ ಇರಲಿ. ಚಿಕ್ಕ ವಿಷಯ, ನಿನಗೆ ಗೊತ್ತಿರುತ್ತದೆ. ಆದರೂ ಹೇಳದೆ ಇರಲಾರೆ.

ಲೆಕ್ಕಕ್ಕೆ ಬರಲ್ಲ ಅನ್ನುತ್ತೀಯ. ಇನ್ನೊಂದು ವಿಷಯ ಕೇಳು, ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕಾನೋದಲ್ಲಿ ಪಠ್ಯಪುಸ್ತಕ ಸಾಲುತ್ತಿರಲಿಲ್ಲ. ಡಿಸೆಂಬರಿನಲ್ಲಿ ಹರ್ಮಾಟನ್ ಗಾಳಿ ಬೀಸಿದರೆ ಸಹಾರಾದ ಧೂಳೆಲ್ಲ ಕ್ಲಾಸಿನೊಳಗೆ. ಬೋರ್ಡೂ ಕಾಣದು. ಅಂಥ ದಿನಗಳಲ್ಲಿ ವ್ಯಾಕರಣ ಬಿಟ್ಟು ಮಕ್ಕಳಿಗೆ ಲೆಕ್ಕಾಚಾರದ ಕೆಲಸ ಕೊಡುತ್ತಿದ್ದೆ. ಜಾರಿಯಾ ದಾಟಿ ಕಡುನಾಕ್ಕೆ ಹೋಗುವ ಲಾರಿ ಎಷ್ಟು ಗಂಟೆಗೆ ಹೊರಟರೆ ಕತ್ತಲಾಗುವುದರೊಳಗೆ ತಲುಪುತ್ತದೆ? ನಿನ್ನ ಮನೆಯಿಂದ ಸಂತೆಗೆ ದಾರಿ ಹೇಗೆ? ಇಂಗ್ಲಿಷಿನಲ್ಲೇ ಜಗಳ ಆಡಿ ಉತ್ತರ ಹುಡುಕುತ್ತಿದ್ದರು. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಅಂತ ರಾತ್ರಿ ಬರೆದಿಡುತ್ತಿದ್ದೆ. ಹಾಗೆ ಆರು ನೋಟ್‌ಬುಕ್ ತುಂಬಿದ್ದವು.

ಊರಿಗೆ ಬಂದ ಎಷ್ಟೋ ವರ್ಷದ ಮೇಲೆ ಇಂಗ್ಲಿಷ್ ಬೋಧನೆಯ ತಜ್ಞರಾದ ಎನ್. ಎಸ್. ಪ್ರಭು ಅವರ ಬೆಂಗಳೂರು ಪ್ರಯೋಗದ ಬಗ್ಗೆ ಓದಿದೆ. 1979ರಿಂದ 1984ರವರೆಗೆ ನಮ್ಮ ದಕ್ಷಿಣದ ಸಾಧಾರಣ ಶಾಲೆಗಳಲ್ಲೇ ನಡೆದದ್ದು. ರೈಲ್ವೆ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು, ಮಕ್ಕಳು ಅದನ್ನು ಬಿಡಿಸುತ್ತಾ ಭಾಷೆ ಕಲಿಯುವ ಕ್ರಮ. ಇವತ್ತು ಲೋಕದ ತುಂಬಾ ಇಂಗ್ಲಿಷ್ ಮೇಷ್ಟ್ರುಗಳು ಅದನ್ನು ಓದುತ್ತಾರೆ. ನನ್ನದು ಅದಕ್ಕೆ ಸಮ ಅಂತ ಹೇಳುತ್ತಿಲ್ಲ ಪುಟ್ಟಿ. ಅವರು ಯೋಚಿಸಿ, ಪರೀಕ್ಷಿಸಿ, ಬರೆದು ನಾಲ್ಕು ಜನರ ಮುಂದಿಟ್ಟರು. ನಾನು ಬರುವಾಗ ಸಾಮಾನಿನ ತೂಕ ಜಾಸ್ತಿಯಾಯಿತು ಅಂತ ಆರೂ ನೋಟ್‌ಬುಕ್ ಅಲ್ಲೇ ಬಿಟ್ಟೆ. ಟೇಪ್ ರೆಕಾರ್ಡರ್ ತಂದೆ.

ನೈಜೀರಿಯಾಕ್ಕೆ ಹೋಗುವ ಮುಂಚೆ ಹೈದರಾಬಾದಿನಲ್ಲಿ, ಈಗ ಇಫ್ಲು ಅನ್ನುವ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇದೆಯಲ್ಲ ಅಲ್ಲಿ, ಇಂಗ್ಲಿಷ್ ಬೋಧನೆಯ ಡಿಪ್ಲೊಮಾಗೆ ಸೀಟು ಸಿಕ್ಕಿತ್ತು. ಸಂಬಳ ಮೊದಲು, ಓದು ಆಮೇಲೆ ಅಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ. ಅದಕ್ಕೇ ನಿನ್ನ ಸಾಲು ನನ್ನನ್ನು ಇಷ್ಟು ಹಿಡಿದಿರುವುದು. ನಿನಗೆ ಇನ್ನೂ 34.

ಏನು ಮಾಡು ಅಂತ ಹೇಳುವಷ್ಟು ನನಗೆ ಈಗಿನದು ಗೊತ್ತಿಲ್ಲ. ಅಲ್ಲಿ ಎರಡೆರಡು ವರ್ಷದ ತಾತ್ಕಾಲಿಕ ಅನುಮತಿ ಮೇಲೆ ಪಾಠ ಮಾಡುತ್ತಿದ್ದೀಯ. ಪೂರ್ತಿ ಲೈಸೆನ್ಸಿನ ದಾರಿ ಯಾವುದು ಅಂತ ಈ ವರ್ಷವೇ ಕೂತು ವಿಚಾರಿಸು. ಇಂಗ್ಲಿಷ್ ಕಲಿಸುವವರ ಮೊದಲ ಸರ್ಟಿಫಿಕೇಟು ಸೆಲ್ಟಾ ಮುಗಿಸಿದ್ದೀಯ. ಅದರ ಮುಂದಿನ ಮಟ್ಟದ ಡೆಲ್ಟಾದ ಮೂರು ಭಾಗಗಳನ್ನು ಒಂದೊಂದಾಗಿ ಮಾಡಬಹುದಂತೆ, ಕೆಲಸ ಬಿಡಬೇಕಾಗಿಲ್ಲ. ಇಲ್ಲಿನ ಶಾಲೆಗೇ ಬರುವ ಮನಸ್ಸಿದ್ದರೆ ಬಿ.ಎಡ್. ಕೇಳುತ್ತಾರೆ, ಈಗ ಅದು 2 ವರ್ಷ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡ. ಇಂಗ್ಲೆಂಡ್ ಪಾಸ್‌ಪೋರ್ಟಿನವರಿಗೆ ಜಾಸ್ತಿ ಸಂಬಳ ಅಂತ ಬರೆದಿದ್ದೀಯ. ಅದು ಅನ್ಯಾಯವೇ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಇಲ್ಲಿನ ಕೆಲವು ಕಡೆ ಆ ಎಂಟು ವರ್ಷ ಲೆಕ್ಕಕ್ಕೆ ಬಾರದೇ ಹೋಗಬಹುದು. ನಿನಗೆ ಸುಳ್ಳು ಸಮಾಧಾನ ಹೇಳಲಾರೆ. ಆದರೆ ಏನೇನು ಕಲಿಸಿದೆ, ಮಕ್ಕಳು ಎಲ್ಲಿ ಎಡವಿದರು, ಹೇಗೆ ಎದ್ದರು, ಅದೆಲ್ಲ ನಿನ್ನ ಹತ್ತಿರ ಬರಹದಲ್ಲಿ ಇದೆಯಾ? ಇಲ್ಲದಿದ್ದರೆ ಇವತ್ತೇ ಶುರು ಮಾಡು. ಮುಂದೆ ಎಂ.ಎ., ಪಿಎಚ್‌.ಡಿ. ಅಂತ ಹೊರಟರೂ ಅದೇ ನಿನ್ನ ಸಾಮಗ್ರಿ.

ಅಕ್ಟೋಬರ್ ರಜೆಗೆ ಬರುವಾಗ ನೀನು ಬರೆದ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಬಾ. ನಾನು ಓದಬೇಕು. ತೂಕ ಜಾಸ್ತಿಯಾದರೆ ಬಟ್ಟೆ ಬಿಟ್ಟು ಬಾ. ವಿಮಾನದವರು ದುಡ್ಡು ಕೇಳಿದರೆ ನಾನು ಕೊಡುತ್ತೇನೆ.

ಇಂತು,
ನಿನ್ನ ಮಾವ