ಬ್ಯಾಂಕಾಕಿನ ಗೆಳೆಯನಿಗೆ: ಆ ಗುಡಿ ಯಾರದ್ದು ಅಂತ ಕೇಳಿದ್ಯಲ್ಲ

ಮಾರಾಯ,

ನಿನ್ನ ವಾಯ್ಸ್ ಮೆಸೇಜ್ ಕೇಳ್ದೆ. ಆಫೀಸಲ್ಲಿ ಥಾಯ್ ಹುಡುಗ್ರೆಲ್ಲ ಪ್ರೇಹ್ ವಿಹಾರ್ ಗುಡಿ ನಮ್ದೇ ಅಂತಾರೆ, ಮತ್ಯಾಕೆ ಅದು ಕಾಂಬೋಡಿಯಾಕ್ಕೆ ಹೋಯ್ತು ಅಂದ್ಯಲ್ಲ, ಫೋನಲ್ಲಿ ಹೇಳಿದ್ರೆ ಮುಗಿಯೋದಲ್ಲ, ಇಲ್ಲಿ ಶಿರಸೀಲಿ ಮಳೆ ಬೇರೆ, ಕರೆಂಟೂ ಇಲ್ಲ, ಅದಕ್ಕೇ ಬರೀತಾ ಕೂತೆ.

ಗುಡಿ ಶಿವನದ್ದು, ಶಿಖರೇಶ್ವರ. ಕಾಂಬೋಡಿಯಾದ ಹಳೇ ಖ್ಮೇರ್ ರಾಜರು ಕಟ್ಟಿಸಿದ್ದು, ಹೆಚ್ಚಿನ ಭಾಗ 11ನೇ ಶತಮಾನದ್ದು. ಡಾಂಗ್ರೆಕ್ ಬೆಟ್ಟದ ಅಂಚಲ್ಲಿದೆ, ಥಾಯ್ಲೆಂಡ್ ಕಡೆಯಿಂದಾದ್ರೆ ಆರಾಮಾದ ಏರು, ಕಾಂಬೋಡಿಯಾ ಕಡೆ ನೇರ ಪ್ರಪಾತ. 1904ರಲ್ಲಿ ಸಯಾಮಿನವ್ರೂ (ಥಾಯ್ಲೆಂಡಿನ ಹಳೇ ಹೆಸರು ಸಯಾಮ್) ಫ್ರೆಂಚರೂ (ಕಾಂಬೋಡಿಯಾ ಆಗ ಅವ್ರ ಕೈಲಿತ್ತು) ಕೂತು ಒಪ್ಪಂದ ಮಾಡ್ಕೊಂಡ್ರು, ಬೆಟ್ಟದ ಮೇಲೆ ಮಳೆನೀರು ಆ ಕಡೆ ಈ ಕಡೆ ಅಂತ ಎಲ್ಲಿ ಒಡೆಯುತ್ತೋ ಅದೇ ಗಡಿ ಅಂತ.

ಕೇಳೋಕೆ ಎಷ್ಟು ಸಲೀಸು ಅಲ್ವಾ. ನಮ್ಮೂರನ್ನೇ ನೋಡು, ಶಂಕರಹೊಂಡದ ನೀರು ಅಘನಾಶಿನಿ ಆಗಿ ತದಡಿ ಹತ್ರ ಸಮುದ್ರ ಸೇರತ್ತೆ, ಅದೇ ತಾಲೂಕಿನ ಬನವಾಸಿ ಕಡೆ ಬಿದ್ದ ಮಳೆ ವರದಾ ಹಿಡ್ಕೊಂಡು ತುಂಗಭದ್ರಾ, ಕೃಷ್ಣಾ ಅಂತ ಸುತ್ತಿ ಬಂಗಾಳ ಕೊಲ್ಲಿಗೆ ಹೋಗತ್ತೆ. ನಡುವೆ ಎಲ್ಲಿ ತಿರುಗ್ತು ತೋರ್ಸು ಅಂದ್ರೆ ಯಾರ ತೋಟಕ್ಕೆ ಅಂತ ಕೈ ತೋರ್ಸೋದು?

ನಕ್ಷೆ ಮಾಡೋಕೆ ತಮ್ಮ ಹತ್ರ ಜನ ಇಲ್ಲ, ನೀವೇ ಮಾಡ್ಕೊಡಿ ಅಂತ ಸಯಾಮಿನವ್ರು ಫ್ರೆಂಚರಿಗೇ ಹೇಳಿದ್ರು. 1908ರಲ್ಲಿ ನಕ್ಷೆ ಬಂತು, ಗುಡಿ ಕಾಂಬೋಡಿಯಾ ಬದಿಗಿತ್ತು. ಸಯಾಮಿನ ರಾಜಕುಮಾರ ದಾಮ್ರಾಂಗ್ ಥ್ಯಾಂಕ್ಸ್ ಹೇಳಿ ಇನ್ನೂ 15 ಪ್ರತಿ ಕೇಳ್ದ. 1930ರಲ್ಲಿ ಅವನೇ ಗುಡಿ ನೋಡೋಕೆ ಹೋದಾಗ ಫ್ರೆಂಚ್ ಅಧಿಕಾರಿ ತನ್ನ ದೇಶದ ಬಾವುಟ ಹಾರಿಸಿ ಸ್ವಾಗತ ಮಾಡ್ದ, ಆಗ್ಲೂ ತಕರಾರಿಲ್ಲ. 1934-35ರಲ್ಲಿ ಸಯಾಮಿನವ್ರು ತಾವೇ ಸರ್ವೆ ಮಾಡಿಸ್ದಾಗ ನೀರು ಒಡೆಯೋ ಜಾಗಾನೇ ಬೇರೆ, ನಕ್ಷೆಯ ಗೆರೆನೇ ಬೇರೆ ಅಂತ ಗೊತ್ತಾಯ್ತು, ಆದ್ರೂ ಅದೇ ನಕ್ಷೆ ಬಳಸ್ತಾ ಹೋದ್ರು.

ಕೊನೆಗೆ ಜಗಳ ಕೋರ್ಟಿಗೆ ಹೋಯ್ತು, 1962ರ ಜೂನ್ 15ಕ್ಕೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 9-3ರಲ್ಲಿ ಗುಡಿ ಕಾಂಬೋಡಿಯಾದ್ದು ಅಂತು. ನೀರು ಎಲ್ಲಿ ಒಡೆಯತ್ತೆ ಅನ್ನೋದರ ಗೊಡವೆಗೇ ಹೋಗ್ಲಿಲ್ಲ. ಥಾಯ್ಲೆಂಡಿಗೆ ಅಂದಿದ್ದು ಇಷ್ಟೇ, ಅಷ್ಟು ವರ್ಷ ನಕ್ಷೆ ಇಟ್ಕೊಂಡು ಸುಮ್ನಿದ್ರಿ, ಅಂದ್ರೆ ಒಪ್ಪಿದ್ರಿ ಅಂತ.

ನಂಗೆ ಇಲ್ಲೇ ಸ್ವಲ್ಪ ಕಿರಿಕಿರಿ. 1893ರಲ್ಲಿ ಫ್ರೆಂಚ್ ಗನ್‌ಬೋಟುಗಳು ನದೀಲಿ ಬ್ಯಾಂಕಾಕ್ ತನಕ ಬಂದು ನಿಂತಿದ್ವು, ಲಾವೋಸ್ ಕಡೆ ಜಾಗ ಕಿತ್ಕೊಂಡ್ರು. ಅಂಥವ್ರ ಮುಂದೆ ನಿಮ್ಮ ನಕ್ಷೆ ತಪ್ಪು ಅಂತ ಬಾಯಿಬಿಡೋಕೆ ಯಾರಿಗೆ ಧೈರ್ಯ ಬರತ್ತೆ? ಹಂಗಂತ ಈಗ ನಕ್ಷೆ ಹರಿದು ಹಾಕಿ ಅಂತ್ಲೂ ನಾನು ಹೇಳಲ್ಲ. ಆಫ್ರಿಕಾದ ದೇಶಗಳು 1964ರಲ್ಲಿ ಕೈರೋದಲ್ಲಿ ಸೇರಿ ಸ್ವಾತಂತ್ರ್ಯ ಬಂದಾಗ ಇದ್ದ ಗಡೀನೇ ಇರ್ಲಿ ಅಂದಿದ್ದು ಯುರೋಪಿನವ್ರ ಗೆರೆ ಮೇಲಿನ ಪ್ರೀತಿಗಲ್ಲ, ಒಂದು ಕಡೆ ಕೆದಕಿದ್ರೆ ಎಲ್ಲಾ ಕಡೆ ಬೆಂಕಿ ಅಂತ.

(ಹಾಗೆ ನೋಡಿದ್ರೆ ಕಾರವಾರದ ಎದುರಿನ ಅಂಜದೀವ್ ದ್ವೀಪ ಇವತ್ತಿಗೂ ಗೋವಾ ಲೆಕ್ಕದಲ್ಲೇ ಇದೆ, ಪೋರ್ಚುಗೀಸರ ಕಾಲದ್ದು ಹಾಗೇ ಬಂತು. 1961ರ ಡಿಸೆಂಬರಲ್ಲಿ ಅದನ್ನ ಬಿಡಿಸ್ಕೊಳ್ವಾಗ ನಮ್ಮ ನೌಕಾಪಡೆಯ 7 ಜನ ಸತ್ತಿದ್ರು.)

ಕೋರ್ಟು ಗುಡೀದು ಹೇಳ್ತು, ಉಳಿದ ಗೆರೆ ಹೇಳ್ಲಿಲ್ಲ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು, ಆಮೇಲೆ ಗುಂಡು ಹಾರಿದ್ವು, 2013ರಲ್ಲಿ ಗುಡಿ ನಿಂತ ಬೆಟ್ಟದ ಮೂಗೂ ಕಾಂಬೋಡಿಯಾದ್ದೇ ಅಂತ ಮತ್ತೊಂದು ತೀರ್ಪು. ಇನ್ನೂ ಕಾಂಬೋಡಿಯಾ ಫ್ರೆಂಚರ ಆ 1:2,00,000 ನಕ್ಷೆ ಹಿಡ್ಕೊಂಡಿದೆ, ಥಾಯ್ಲೆಂಡ್ ತನ್ನ 1:50,000 ನಕ್ಷೆ. ಆ ಹಳೇ ನಕ್ಷೇಲಿ 1 ಮಿಲಿಮೀಟರ್ ಅಂದ್ರೆ ನೆಲದ ಮೇಲೆ 200 ಮೀಟರ್, ಪೆನ್ನಿನ ಗೆರೆ ದಪ್ಪದಲ್ಲೇ ಒಂದು ಕೇರಿ ಮುಳುಗಿ ಹೋಗತ್ತೆ. 2025ರ ಜುಲೈಲಿ 5 ದಿನ ಹೊಡೆದಾಡಿದ್ದು ಇಂಥದ್ದೇ ಗೆರೆಗಳಿಗೆ, ಫಿರಂಗಿ, ರಾಕೆಟ್, ಯುದ್ಧವಿಮಾನ ಎಲ್ಲಾ ಬಂತು.

ಹಂಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ರ, ಗುಡಿ ಕಾಂಬೋಡಿಯಾದ್ದು, ಆದ್ರೆ ಥಾಯ್ ಹುಡುಗ್ರ ಸಿಟ್ಟು ಬರೀ ಹಠ ಅಲ್ಲ. ಇದನ್ನ ಅವ್ರಿಗೆ ಮಾತ್ರ ಹೇಳೋಕೆ ಹೋಗ್ಬೇಡ ಮಾರಾಯ, ವೀಸಾ ರಿನ್ಯೂವಲ್ ಬೇರೆ ಇದೆ ಅಂತಿದ್ದೆ.