ಬಿನ್ನಿ ಅವರ ಚಿಕ್ಕಮಗಳೂರಿನ ಇನಿಂಗ್ಸ್ ನೆನಪಿರಲಿ

ಮಾನ್ಯ ಸಂಪಾದಕರೇ,

ರೋಜರ್ ಬಿನ್ನಿ ಅವರು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷ ಸ್ಥಾನದಿಂದ ಇಳಿದ ಮೇಲೆ ಅವರ ಕುರಿತು ನಾನು ಓದಿದ ಬರಹಗಳಲ್ಲಿ ಎರಡೇ ಸಂಗತಿಗಳು ಮತ್ತೆ ಮತ್ತೆ ಕಂಡವು. ಒಂದು, 1983ರ ವಿಶ್ವಕಪ್‌ನಲ್ಲಿ ಅವರು ಪಡೆದ 18 ವಿಕೆಟ್. ಇನ್ನೊಂದು, ಅಧ್ಯಕ್ಷರಾಗಿದ್ದಾಗ ಅವರು ಹೆಚ್ಚು ಮಾತನಾಡಲಿಲ್ಲ ಎಂಬ ಆಕ್ಷೇಪ. ಇವೆರಡರ ನಡುವಿನ ಕೆಲಸವನ್ನೆಲ್ಲ ಬದಿಗಿಟ್ಟು ಅವರನ್ನು ಅಳೆಯುವುದು ನ್ಯಾಯವಲ್ಲ ಎಂದು ದಾವಣಗೆರೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದ ನನಗೆ ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

1983ರ ಜೂನ್‌ನಲ್ಲಿ ನಮ್ಮ ಓಣಿಯವರು ರೇಡಿಯೊ ಸುತ್ತ ಕೂತು ವಿಶ್ವಕಪ್ ಪಂದ್ಯಗಳ ಸುದ್ದಿ ಕೇಳುತ್ತಿದ್ದೆವು. (ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು.) ಚೆಲ್ಮ್ಸ್‌ಫರ್ಡ್‌ನಲ್ಲಿ ಆಸ್ಟ್ರೇಲಿಯಾ 129 ರನ್ನಿಗೆ ಉರುಳಿದಾಗ ಬಿನ್ನಿ 29 ರನ್ ಕೊಟ್ಟು 4 ವಿಕೆಟ್ ಕಿತ್ತಿದ್ದರು, ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್ ಔಟಾದದ್ದೂ ಅವರ ಚೆಂಡಿಗೆ. ಆ ಟೂರ್ನಿಯಲ್ಲಿ ಅವರಿಗಿಂತ ಹೆಚ್ಚು ವಿಕೆಟ್ ಪಡೆದವರಿಲ್ಲ. ಮೂರು ವರ್ಷಗಳ ನಂತರ ಲೀಡ್ಸ್ ಟೆಸ್ಟ್‌ನಲ್ಲಿ ಎರಡೂ ಇನಿಂಗ್ಸ್ ಸೇರಿ 7 ವಿಕೆಟ್ ಪಡೆದರು. ಎದುರಾಳಿಯನ್ನು ಬೆದರಿಸುವಂಥ ವೇಗ ಅವರಲ್ಲಿರಲಿಲ್ಲ. ಚೆಂಡಿನ ಹೊಲಿಗೆಯನ್ನು ನೆಟ್ಟಗೆ ಹಿಡಿದು, ಒಂದೇ ಜಾಗಕ್ಕೆ ಹಾಕುತ್ತಾ, ಉಳಿದದ್ದನ್ನು ಸ್ವಿಂಗ್‌ಗೆ ಬಿಡುವ ಬೌಲಿಂಗ್ ಅದು. ವೇಗವಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದ ಎಷ್ಟೋ ಹುಡುಗರಿಗೆ ನಾನು ಹೇಳುತ್ತಿದ್ದ ಹೆಸರು ಬಿನ್ನಿ ಅವರದೇ.

ಆಟ ಬಿಟ್ಟ ಮೇಲಿನ ಅವರ ದುಡಿಮೆಯಲ್ಲೂ ನನಗೆ ಅದೇ ಶಿಸ್ತು ಕಾಣುತ್ತದೆ. 2000ನೇ ಇಸವಿಯಲ್ಲಿ ಶ್ರೀಲಂಕಾದಲ್ಲಿ ಮೊಹಮ್ಮದ್ ಕೈಫ್ ನಾಯಕತ್ವದ 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಆ ತಂಡದ ಕೋಚ್ ಬಿನ್ನಿ. ಯುವರಾಜ್ ಸಿಂಗ್ ಎಂಬ ಹುಡುಗನನ್ನು ದೇಶ ಗುರುತಿಸಿದ್ದು ಆ ಟೂರ್ನಿಯಲ್ಲಿಯೇ. 2012ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಗೆ ಸೇರಿದ ಅವರು, ಮಗ ಸ್ಟುವರ್ಟ್ ಬಿನ್ನಿ ಅವರ ಹೆಸರು ಚರ್ಚೆಗೆ ಬಂದಾಗ ಸಭೆಯಿಂದ ಎದ್ದು ಹೊರಗೆ ಹೋಗುತ್ತಿದ್ದರು ಎಂದು ವರದಿಯಾಗಿತ್ತು. ಸಹಕಾರ ಸಂಘದಿಂದ ಹಿಡಿದು ಶಾಲಾಭಿವೃದ್ಧಿ ಸಮಿತಿಯವರೆಗೆ ಎಷ್ಟೋ ಸಭೆಗಳನ್ನು ಕಂಡ ನನಗೆ ಇದು ಸಣ್ಣ ವಿಷಯವಾಗಿ ತೋರುವುದಿಲ್ಲ. 2019ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದ ಬಿನ್ನಿ, 2022ರ ಅಕ್ಟೋಬರ್‌ನಲ್ಲಿ ಮಂಡಳಿಯ ಅಧ್ಯಕ್ಷರಾದರು. ಅದೇ ತಿಂಗಳು ಮಹಿಳಾ ಆಟಗಾರ್ತಿಯರಿಗೂ ಪುರುಷರಷ್ಟೇ ಪಂದ್ಯ ಶುಲ್ಕ, ಅಂದರೆ ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ, ನೀಡುವ ತೀರ್ಮಾನ ಪ್ರಕಟವಾಯಿತು. ಅದು ಅವರೊಬ್ಬರ ಸಾಧನೆಯೆಂದು ನಾನು ಹೇಳುವುದಿಲ್ಲ. ಆದರೆ ಅವರ ಅವಧಿಯ ಲೆಕ್ಕದಿಂದ ಅದನ್ನು ಕೈಬಿಡುವುದೂ ಸಲ್ಲದು.

ಇಷ್ಟು ಬರೆದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 1977–78ರ ರಣಜಿ ಋತುವಿನಲ್ಲಿ ಕೇರಳದ ವಿರುದ್ಧ ಬಿನ್ನಿ ಅಜೇಯ 211 ಹಾಗೂ ಸಂಜಯ್ ದೇಸಾಯಿ ಅಜೇಯ 218 ರನ್ ಗಳಿಸಿ, ಒಂದೂ ವಿಕೆಟ್ ಬೀಳದೆ 451 ರನ್ ಸೇರಿಸಿದ್ದು ಚಿಕ್ಕಮಗಳೂರಿನಲ್ಲಿ, ಬೆಂಗಳೂರಿನಲ್ಲಿ ಅಲ್ಲ. ಜಿಲ್ಲಾ ಕೇಂದ್ರವೊಂದರ ಮೈದಾನಕ್ಕೆ ರಣಜಿ ಪಂದ್ಯ ಬಂದಿದ್ದರಿಂದಲೇ ಅಲ್ಲಿನ ಜನರಿಗೆ ಅಂಥ ಆಟವನ್ನು ಕಣ್ಣಾರೆ ನೋಡುವ ಭಾಗ್ಯ ಸಿಕ್ಕಿತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ರಣಜಿ ಫೈನಲ್ ನೋಡಲು ಕಿಕ್ಕಿರಿದ ಜನರನ್ನು ಮರೆಯುವುದುಂಟೇ? ನಾವು ಮುಂಬೈಗೆ ಬರೀ 6 ರನ್ನಿನಿಂದ ಸೋತ ಆ ಪಂದ್ಯದಲ್ಲಿ ನಮ್ಮೂರಿನ ವಿನಯ್ ಕುಮಾರ್ ಆಡಿದ್ದರು. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಹೆಸರಾದ ಅವರು ನಾಯಕರಾಗಿ 2013–14 ಮತ್ತು 2014–15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದುಕೊಟ್ಟರು. ಎರಡನೆಯ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಶತಕವನ್ನೂ ಬಾರಿಸಿದರು.

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ನಡೆಯುವ ಟೆನಿಸ್ ಬಾಲ್ ಟೂರ್ನಿಗಳಿಗೆ ಸೇರುವ ಜನರನ್ನು ನೋಡಿದವರಿಗೆ ಇಲ್ಲಿ ಆಸಕ್ತಿಗೆ ಬರವಿಲ್ಲವೆಂಬುದು ಗೊತ್ತು. ಅದೇ ಹುಡುಗರಿಗೆ ಲೆದರ್ ಚೆಂಡಿನಲ್ಲಿ, ಟರ್ಫ್ ವಿಕೆಟ್ ಮೇಲೆ, ಮೂರು ನಾಲ್ಕು ದಿನ ನಡೆಯುವ ಆಟವನ್ನು ಹತ್ತಿರದಿಂದ ನೋಡುವ ಅವಕಾಶ ಬೇಕು. ಆದ್ದರಿಂದ ರಾಜ್ಯ ಕ್ರಿಕೆಟ್ ಸಂಸ್ಥೆಯ ಈಗಿನ ಪದಾಧಿಕಾರಿಗಳಲ್ಲಿ, ಅದರಲ್ಲೂ ದೇಶಕ್ಕಾಗಿ ಆಡಿ ಬಂದವರಲ್ಲಿ, ನನ್ನ ವಿನಂತಿ ಇಷ್ಟೇ: ದಾವಣಗೆರೆ ಮತ್ತು ಚಿತ್ರದುರ್ಗದ ಮೈದಾನಗಳನ್ನು ಖುದ್ದಾಗಿ ಬಂದು ನೋಡಿ, ಏನು ಕೊರತೆಯಿದೆಯೆಂದು ಜಿಲ್ಲಾಡಳಿತಕ್ಕೆ ಲಿಖಿತವಾಗಿ ತಿಳಿಸಲಿ, ಮೊದಲಿಗೆ 16 ಮತ್ತು 19 ವರ್ಷದೊಳಗಿನವರ ರಾಜ್ಯ ತಂಡಗಳ ಪಂದ್ಯಗಳನ್ನು, ಮೈದಾನ ಸಿದ್ಧವಾದ ಮೇಲೆ ಒಂದು ರಣಜಿ ಪಂದ್ಯವನ್ನು ಇಲ್ಲಿಗೆ ಕೊಡಲಿ. ಪಿಚ್‌ಗೆ ನೀರು ಹಾಯಿಸಿ ರೋಲರ್ ಎಳೆಯುವ ಕೆಲಸಕ್ಕೆ ನನ್ನ ಹಳೆಯ ವಿದ್ಯಾರ್ಥಿಗಳನ್ನು ಕರೆತರುವ ಹೊಣೆ ನನ್ನದು.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ದಾವಣಗೆರೆ